ವಿಡಿಯೊ ಕತ್ತರಿಸೋಕೆ ವರ್ಷ ವರ್ಷ ದುಡ್ಡು ಕಟ್ಟಬೇಕಾ?

ಪ್ರಶ್ನೆ: ನಾನು ಹೊನ್ನಾವರ ತಾಲ್ಲೂಕಿನ ನಿವೃತ್ತ ಶಾಲಾ ಮಾಸ್ತರ. ಸುತ್ತಮುತ್ತ ಯಕ್ಷಗಾನ ಆದಾಗ ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಎರಡು ಮೂರು ಗಂಟೆ ರೆಕಾರ್ಡ್ ಮಾಡಿಕೊಳ್ಳುತ್ತೇನೆ. ಅದರಲ್ಲಿ ಒಂದು ಒಳ್ಳೆಯ ಪದ್ಯ, ಒಂದು ಒಳ್ಳೆಯ ಪ್ರವೇಶ, ಇಷ್ಟನ್ನೇ ಕತ್ತರಿಸಿ ಅಮೆರಿಕದಲ್ಲಿರುವ ಮಗನಿಗೆ ಕಳಿಸುವ ಆಸೆ. 2007ರಲ್ಲಿ ನಡೆದ ಮಗಳ ಮದುವೆಯ ಮೂರು ಡಿವಿಡಿಗಳೂ ಇವೆ. ಅದರಿಂದ ಧಾರೆಯ ಭಾಗ ಬೇರೆ ಮಾಡಬೇಕು. ಒಂದು ಉಚಿತ ಸಾಫ್ಟ್‌ವೇರ್ ಹಾಕಿ ನೋಡಿದೆ. ಎಲ್ಲ ಮುಗಿದ ಮೇಲೆ ವಿಡಿಯೊದ ಮೇಲೆ ದೊಡ್ಡದಾಗಿ ಅವರ ಹೆಸರು ಬಂತು. ಅಂಗಡಿಯವರು ವರ್ಷಕ್ಕೊಮ್ಮೆ ದುಡ್ಡು ಕಟ್ಟುವಂಥದ್ದು ಹಾಕಿಸಿಕೊಳ್ಳಿ ಎನ್ನುತ್ತಾರೆ. ನನ್ನ ಲ್ಯಾಪ್‌ಟಾಪ್ ಆರು ವರ್ಷ ಹಳೆಯದು, ವಿಂಡೋಸ್ 10, 8 ಜಿಬಿ ರ‍್ಯಾಮ್. ಕಡಿಮೆ ಖರ್ಚಿನಲ್ಲಿ ಯಾವುದು ತೆಗೆದುಕೊಳ್ಳಲಿ? ಕನ್ನಡದಲ್ಲಿ ಹೆಸರು ಹಾಕಲೂ ಬರಬೇಕು.

ಉತ್ತರ: ಮಾಸ್ತರರೇ, ದುಡ್ಡು ಕಟ್ಟಬೇಡಿ. ನಿಮ್ಮ ಕೆಲಸಕ್ಕೆ ಬೇಕಾದದ್ದೆಲ್ಲ ಪುಕ್ಕಟೆ ಸಿಗುತ್ತದೆ. ಮೇಲೆ ಯಾರ ಹೆಸರೂ ಬೀಳುವುದಿಲ್ಲ. ಎತ್ತಿಟ್ಟ ದುಡ್ಡಿಗೆ ಒಂದು ಹಾರ್ಡ್ ಡಿಸ್ಕ್ ತಗೊಳ್ಳಿ, ಅದು ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ನೀವು ಕೇಳುತ್ತಿರುವುದು ಎಡಿಟಿಂಗ್ ಅಲ್ಲ, ಕತ್ತರಿಸುವುದು. ಇವೆರಡೂ ಬೇರೆ ಬೇರೆ ಕೆಲಸ, ಅವಕ್ಕೆ ಬೇಕಾದ ಸಾಫ್ಟ್‌ವೇರ್ ಕೂಡ ಬೇರೆ. ಅಂಗಡಿಯವರು ಹೇಳುವುದು ಎಡಿಟಿಂಗ್ ಸಾಫ್ಟ್‌ವೇರ್. ಅದರಲ್ಲಿ ಕತ್ತರಿಸಲು ಖಂಡಿತ ಬರುತ್ತದೆ. ಆದರೆ ಅದು ಕತ್ತರಿಸುವ ರೀತಿಯೇ ಬೇರೆ. ಐದು ನಿಮಿಷದ ತುಂಡು ಬೇಕೆಂದರೆ, ಆ ಐದು ನಿಮಿಷದ ಪ್ರತಿಯೊಂದು ಚಿತ್ರವನ್ನೂ ಬಿಚ್ಚಿ, ಮತ್ತೆ ಹೊಸದಾಗಿ ಕುಗ್ಗಿಸಿ ಬರೆಯುತ್ತದೆ. ಇದಕ್ಕೆ ರೀ-ಎನ್‌ಕೋಡಿಂಗ್ ಎನ್ನುತ್ತಾರೆ. ಹಳೆಯ ಲ್ಯಾಪ್‌ಟಾಪ್ ಇದನ್ನು ಮಾಡುವಾಗ ಫ್ಯಾನ್ ಹೊಡೆದುಕೊಳ್ಳುತ್ತದೆ, ಹೊತ್ತು ಹಿಡಿಯುತ್ತದೆ, ಮತ್ತು ಪ್ರತಿ ಸಲವೂ ಚಿತ್ರದ ಗುಣ ಸ್ವಲ್ಪ ಇಳಿಯುತ್ತದೆ.

ಸ್ವಲ್ಪ ಅಂದೆ. ಆ ಸ್ವಲ್ಪ ಎಷ್ಟು ಅಂತ ನನಗೆ ನಮ್ಮ ಮನೆಯ ಒಂದು ಉಪನಯನದ ವಿಡಿಯೊ ಕಲಿಸಿತು. ಮೊದಲು ಉದ್ದದ ವಿಡಿಯೊದಿಂದ ಒಂದು ಗಂಟೆ ತೆಗೆದೆ. ಆಮೇಲೆ ಅದರಿಂದ ಇಪ್ಪತ್ತು ನಿಮಿಷ. ಆಮೇಲೆ ಅದರಿಂದ ಭಿಕ್ಷೆಯ ಭಾಗ ಮಾತ್ರ. ಮೂರು ಸಲವೂ ರೀ-ಎನ್‌ಕೋಡ್ ಆಯಿತು. ಜಾಗ ಸಾಲದು ಅಂತ ಮೂಲ ಫೈಲ್ ಅಳಿಸಿಬಿಟ್ಟಿದ್ದೆ. ಕೊನೆಗೆ ಅಜ್ಜಿಯ ಮುಖ ಚೌಕ ಚೌಕವಾಗಿ ಉಳಿಯಿತು. ತಪ್ಪು ಪೂರ್ತಿ ನನ್ನದೇ.

ಇನ್ನೊಂದು ದಾರಿ ಇದೆ. ಚಿತ್ರವನ್ನು ಬಿಚ್ಚದೆ, ಫೈಲಿನಲ್ಲಿ ಇದ್ದದ್ದನ್ನು ಇದ್ದ ಹಾಗೆಯೇ ಎತ್ತಿ ಇನ್ನೊಂದು ಫೈಲಿಗೆ ಹಾಕುವುದು. ಒಂದಿಷ್ಟೂ ಗುಣ ಹೋಗುವುದಿಲ್ಲ. ಹೊತ್ತು ಬೇಕಾಗುವುದು ಫೈಲ್ ಕಾಪಿ ಮಾಡಲು ಬೇಕಾದಷ್ಟೇ. ಐದು ನಿಮಿಷದ ತುಂಡಿಗೆ ಕೆಲವು ಸೆಕೆಂಡು ಸಾಕು. ನಿಮಗೆ ಬೇಕಾದದ್ದು ಇದು.

ಇದರಲ್ಲಿ ಒಂದೇ ಒಂದು ಮಿತಿ ಇದೆ. ಅದನ್ನು ತಿಳಿದುಕೊಂಡರೆ ಮುಂದೆ ತಲೆ ಕೆಡುವುದಿಲ್ಲ.

ಫೋನು ಸೆಕೆಂಡಿಗೆ 30 ಚಿತ್ರ ತೆಗೆಯುತ್ತದೆ. ಎಲ್ಲವನ್ನೂ ಪೂರ್ತಿಯಾಗಿ ಬರೆದಿಟ್ಟರೆ ಇಪ್ಪತ್ತು ನಿಮಿಷದ ಆಟಕ್ಕೇ 100 ಜಿಬಿ ದಾಟುತ್ತದೆ. ಹಾಗಾಗಿ ಅದು ಒಂದು ಚಿತ್ರವನ್ನು ಪೂರ್ತಿ ಬರೆಯುತ್ತದೆ. ಮುಂದಿನವುಗಳಲ್ಲಿ ಬದಲಾದದ್ದನ್ನು ಮಾತ್ರ ಗುರುತು ಹಾಕಿಕೊಳ್ಳುತ್ತದೆ. ಭಾಗವತರು ಕೂತಲ್ಲೇ ಇದ್ದಾರೆ, ಹಿಂದಿನ ಪರದೆ ಹಾಗೇ ಇದೆ, ವೇಷಧಾರಿಯ ಕೈ ಮಾತ್ರ ಅಲ್ಲಾಡಿದೆ ಅಂದುಕೊಳ್ಳಿ. ಆಗ ಕೈಯ ಲೆಕ್ಕ ಮಾತ್ರ ಸಾಕು. ಸ್ವಲ್ಪ ಹೊತ್ತಿನ ಮೇಲೆ ಮತ್ತೊಂದು ಪೂರ್ತಿ ಚಿತ್ರ. ಈ ಪೂರ್ತಿ ಚಿತ್ರಕ್ಕೆ ಕೀಫ್ರೇಮ್ ಎಂದು ಹೆಸರು.

ಕಬ್ಬು ನೆಡುವುದನ್ನು ನೋಡಿರುತ್ತೀರಿ. ಬಿತ್ತನೆಗೆ ತುಂಡು ಮಾಡುವಾಗ ಪ್ರತಿ ತುಂಡಿನಲ್ಲೂ ಗೆಣ್ಣಿನ ಕಣ್ಣು ಇರಲೇಬೇಕು. ಕಣ್ಣಿಲ್ಲದ ತುಂಡು ಚಿಗುರುವುದಿಲ್ಲ. ವಿಡಿಯೊ ತುಂಡೂ ಹಾಗೆಯೇ. ಬಿಚ್ಚದೆ ಕತ್ತರಿಸಿದರೆ ತುಂಡು ಕೀಫ್ರೇಮಿನಿಂದಲೇ ಶುರುವಾಗಬೇಕು. ಇಲ್ಲದಿದ್ದರೆ ಮೊದಲ ಒಂದೆರಡು ಸೆಕೆಂಡು ಚಿತ್ರ ನಿಂತೇ ಇರುತ್ತದೆ ಇಲ್ಲವೇ ಕಪ್ಪಾಗಿ ಬರುತ್ತದೆ, ದನಿ ಮಾತ್ರ ಕೇಳುತ್ತದೆ. ಅಂದರೆ ನೀವು ಬೇಕೆಂದ ಜಾಗದಲ್ಲೇ ಕತ್ತರಿ ಬೀಳದೆ, ಸ್ವಲ್ಪ ಹಿಂದಿನ ಗೆಣ್ಣಿನಲ್ಲಿ ಬೀಳುತ್ತದೆ. ಫೋನಿನ ವಿಡಿಯೊದಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ ಒಂದು ಕೀಫ್ರೇಮ್ ಇರುತ್ತದೆ. ಡಿವಿಡಿಯಲ್ಲಿ ಸುಮಾರು ಅರ್ಧ ಸೆಕೆಂಡಿಗೊಂದು. ಇಂಟರ್ನೆಟ್ಟಿನಿಂದ ಇಳಿಸಿಕೊಂಡ ವಿಡಿಯೊಗಳಲ್ಲಿ ಐದಾರು ಸೆಕೆಂಡು ಅಂತರವೂ ಇರಬಹುದು. ನಿಮ್ಮದು ಫೋನ್ ಮತ್ತು ಡಿವಿಡಿ, ಹಾಗಾಗಿ ಹೆಚ್ಚೆಂದರೆ ಒಂದು ಸೆಕೆಂಡು ಆಚೀಚೆ. ಪದ್ಯ ಎತ್ತುವ ಮೊದಲು ಚೆಂಡೆಯ ಒಂದು ಪೆಟ್ಟು ಜಾಸ್ತಿ ಕೇಳಿದರೆ ಮಗನೇನೂ ಬೇಜಾರು ಮಾಡಿಕೊಳ್ಳುವುದಿಲ್ಲ, ಅಲ್ವಾ?

ಈಗ ಸಾಫ್ಟ್‌ವೇರ್ ವಿಷಯ. ಫೋನಿನ ವಿಡಿಯೊಗಳಿಗೆ ಲಾಸ್‌ಲೆಸ್‌ಕಟ್ ಹಾಕಿಕೊಳ್ಳಿ. ಇದು ಓಪನ್ ಸೋರ್ಸ್, ಅಂದರೆ ಒಳಗಿನ ಕೋಡನ್ನು ಯಾರು ಬೇಕಾದರೂ ತೆರೆದು ನೋಡಬಹುದಾದ ಸಾಫ್ಟ್‌ವೇರ್. ಒಳಗೆ ಕೆಲಸ ಮಾಡುವುದು ಎಫ್‌ಎಫ್‌ಎಂಪೆಗ್ ಎಂಬ ಹಳೆಯ, ನಂಬಿಕಸ್ಥ ಸಾಧನ. ಅದು 2000ದಿಂದಲೂ ಇದೆ, ದುಡ್ಡು ಕೊಟ್ಟು ಕೊಳ್ಳುವ ಎಷ್ಟೋ ಸಾಫ್ಟ್‌ವೇರ್‌ಗಳ ಹೊಟ್ಟೆಯಲ್ಲೂ ಅದೇ ಕೂತಿರುತ್ತದೆ. ಲಾಸ್‌ಲೆಸ್‌ಕಟ್ ಇಂಥ ಸಾಫ್ಟ್‌ವೇರ್‌ಗಳನ್ನು ಇಡುವ ಗಿಟ್‌ಹಬ್ ಎಂಬ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಮೈಕ್ರೋಸಾಫ್ಟ್ ಸ್ಟೋರ್‌ನಲ್ಲಿ ಅದಕ್ಕೆ ಬೆಲೆ ಇದೆ. ಅದು ಮೋಸವಲ್ಲ, ಬರೆದವರಿಗೆ ನೆರವಾಗಲಿ ಅಂತ. ಇಷ್ಟವಿದ್ದರೆ ಕೊಡಿ, ಬಲವಂತವಿಲ್ಲ.

ಬಳಸುವುದು ಸುಲಭ. ವಿಡಿಯೊ ಫೈಲನ್ನು ಎಳೆದು ಅದರ ಕಿಟಕಿಯ ಮೇಲೆ ಬಿಡಿ. ಪದ್ಯ ಶುರುವಾಗುವ ಜಾಗಕ್ಕೆ ಹೋಗಿ ಕೀಬೋರ್ಡಿನಲ್ಲಿ ಇಂಗ್ಲಿಷಿನ ಐ ಅಕ್ಷರ ಒತ್ತಿ. ಮುಗಿಯುವ ಜಾಗದಲ್ಲಿ ಓ ಒತ್ತಿ. ಎಕ್ಸ್‌ಪೋರ್ಟ್ ಬಟನ್ ಒತ್ತಿದರೆ ತುಂಡು ಅದೇ ಫೋಲ್ಡರಿಗೆ ಬಂದು ಬೀಳುತ್ತದೆ. ಮೂಲ ಫೈಲು ಹಾಗೇ ಇರುತ್ತದೆ. ಒಂದೇ ಆಟದಿಂದ ಏಳೆಂಟು ತುಂಡು ಬೇಕೆಂದರೆ ಎಲ್ಲಕ್ಕೂ ಗುರುತು ಹಾಕಿಕೊಂಡು, ಪ್ರತಿಯೊಂದಕ್ಕೂ ಹೆಸರು ಕೊಟ್ಟು, ಒಟ್ಟಿಗೇ ಹೊರತೆಗೆಯಬಹುದು. ಇಡೀ ರಾತ್ರಿಯ ಆಟ ಇಟ್ಟುಕೊಂಡವರಿಗೆ ಇದು ದೊಡ್ಡ ಉಪಕಾರ. ಗುರುತುಗಳನ್ನು ಅದು ಒಂದು ಸಣ್ಣ ಫೈಲಿನಲ್ಲಿ ಉಳಿಸಿಡುತ್ತದೆ, ಹಾಗಾಗಿ ಅರ್ಧಕ್ಕೆ ಬಿಟ್ಟು ನಾಳೆ ಮುಂದುವರಿಸಬಹುದು. ಕೀಫ್ರೇಮ್ ಕಟ್ ಎಂಬ ಆಯ್ಕೆ ಆನ್ ಇರಲಿ. ಆಗ ಗೆಣ್ಣಿನ ತೊಂದರೆ ಅದೇ ನೋಡಿಕೊಳ್ಳುತ್ತದೆ.

ಒಂದು ಎಚ್ಚರಿಕೆ. ಹಲವು ಹೊಸ ಫೋನುಗಳು ಹೆಚ್‌ಇವಿಸಿ ಎಂಬ ಬಿಗಿಯಾದ ರೂಪದಲ್ಲಿ ರೆಕಾರ್ಡ್ ಮಾಡುತ್ತವೆ. ಅಂಥ ಫೈಲು ತೆರೆದಾಗ ಲಾಸ್‌ಲೆಸ್‌ಕಟ್‌ನಲ್ಲಿ ಚಿತ್ರ ಮಂಕಾಗಿ, ತಡೆತಡೆದು ಕಾಣಬಹುದು. ಗಾಬರಿ ಬೇಡ. ಅದು ನೋಡಲಿಕ್ಕೆ ಮಾತ್ರ ಮಾಡಿಕೊಂಡ ನಕಲು. ಹೊರಬರುವ ತುಂಡು ಮೂಲದಷ್ಟೇ ಚೆನ್ನಾಗಿರುತ್ತದೆ.

ಫೋನಿನಿಂದ ಲ್ಯಾಪ್‌ಟಾಪಿಗೆ ಹೇಗೆ ಹಾಕಿಕೊಳ್ಳುತ್ತಿದ್ದೀರಿ ಎಂದು ನೀವು ಬರೆದಿಲ್ಲ. ದಯವಿಟ್ಟು ಕೇಬಲ್ ಹಾಕಿಯೇ ಕಾಪಿ ಮಾಡಿಕೊಳ್ಳಿ. ಬಹಳ ಜನ ತಮಗೆ ತಾವೇ ವಾಟ್ಸಾಪ್ ಮಾಡಿಕೊಂಡು, ಅಲ್ಲಿಂದ ಇಳಿಸಿಕೊಂಡು, ಆಮೇಲೆ ಸಾಫ್ಟ್‌ವೇರ್ ಸರಿ ಇಲ್ಲ ಎನ್ನುತ್ತಾರೆ. ವಾಟ್ಸಾಪಿನಲ್ಲಿ ವಿಡಿಯೊ ಎಂದು ಕಳಿಸಿದ ತಕ್ಷಣವೇ ಅದು ಹಿಂಡಿ ಸಣ್ಣ ಮಾಡುತ್ತದೆ. ಕಿರೀಟದ ಮಿಂಚು, ಮುಖದ ಬಣ್ಣದ ಗೆರೆ ಎಲ್ಲ ಅಲ್ಲೇ ಹೋಗಿರುತ್ತದೆ.

ಮದುವೆಯ ಡಿವಿಡಿಗೆ ಬರೋಣ. ಇದಕ್ಕೆ ನನ್ನ ಆಯ್ಕೆ ಅವಿಡೆಮಕ್ಸ್. ಇದೂ ಉಚಿತ, ನೋಡಲು ಹಳೇ ಕಾಲದ ಹಾಗಿದೆ, ಆದರೆ ಡಿವಿಡಿ ಫೈಲುಗಳ ಜತೆ ಚೆನ್ನಾಗಿ ಹೊಂದಿಕೊಳ್ಳುತ್ತದೆ. ಡಿವಿಡಿ ತೆರೆದರೆ ಒಳಗೆ ವಿಡಿಯೊ ಟಿಎಸ್ ಎಂಬ ಫೋಲ್ಡರ್ ಕಾಣುತ್ತದೆ. ಅದರಲ್ಲಿ ವಿಒಬಿ ಎಂದು ಕೊನೆಯಾಗುವ ಹೆಸರಿನ ಫೈಲುಗಳಿರುತ್ತವೆ. ಒಂದೊಂದೂ 1 ಜಿಬಿಗಿಂತ ದೊಡ್ಡದಿರುವುದಿಲ್ಲ, ಡಿವಿಡಿಯ ನಿಯಮವೇ ಹಾಗೆ. ಹಾಗಾಗಿ ಮದುವೆ ನಾಲ್ಕೈದು ಫೈಲಿನಲ್ಲಿ ಹಂಚಿಹೋಗಿರುತ್ತದೆ. ಎಷ್ಟೋ ಸಲ ಧಾರೆ ನಡೆಯುವಾಗಲೇ ಒಂದು ಫೈಲ್ ಮುಗಿದು ಇನ್ನೊಂದು ಶುರುವಾಗಿರುತ್ತದೆ.

ಮೊದಲು ಆ ಫೋಲ್ಡರ್ ಪೂರ್ತಿ ಲ್ಯಾಪ್‌ಟಾಪಿಗೆ ಕಾಪಿ ಮಾಡಿ. ಸ್ಟುಡಿಯೊದವರು ಮಾಡಿಕೊಟ್ಟ ಮದುವೆ ಡಿವಿಡಿಗೆ ಸಾಮಾನ್ಯವಾಗಿ ಸಿನಿಮಾ ಡಿವಿಡಿಯ ಹಾಗೆ ಬೀಗ ಇರುವುದಿಲ್ಲ, ಸುಮ್ನೆ ಎಳೆದು ಹಾಕಿದರೆ ಸಾಕು. ಆಮೇಲೆ ಅವಿಡೆಮಕ್ಸ್‌ನಲ್ಲಿ ಹೆಸರಿನ ಕೊನೆಗೆ 1 ಎಂದಿರುವ ಮೊದಲ ದೊಡ್ಡ ವಿಒಬಿ ಫೈಲ್ ತೆರೆಯಿರಿ. ಇದೇ ಸಾಲಿನ ಬೇರೆ ಫೈಲುಗಳೂ ಇವೆ, ಎಲ್ಲವನ್ನೂ ತೆರೆಯಲೇ ಎಂದು ಅದು ಕೇಳುತ್ತದೆ. ಹೌದು ಅನ್ನಿ. ಇಡೀ ಡಿಸ್ಕು ಒಂದೇ ಉದ್ದದ ಪಟ್ಟಿಯಾಗಿ ಕಾಣುತ್ತದೆ. ಎಡಗಡೆ ವಿಡಿಯೊ ಮತ್ತು ಆಡಿಯೊ ಎರಡರಲ್ಲೂ ಕಾಪಿ ಎಂದೇ ಇದೆಯೇ ನೋಡಿಕೊಳ್ಳಿ. ಕಾಪಿ ಅಂದರೆ ಬಿಚ್ಚದೆ ಕತ್ತರಿಸು ಎಂದರ್ಥ. ಕೀಬೋರ್ಡಿನ ಮೇಲೆ ಕೆಳಗೆ ಬಾಣದ ಗುರುತು ಒತ್ತಿದರೆ ಒಂದು ಕೀಫ್ರೇಮಿನಿಂದ ಇನ್ನೊಂದಕ್ಕೆ ಹಾರುತ್ತದೆ. ಹಾಗೆ ಹಾರಿಸಿಕೊಂಡು ಧಾರೆಯ ಶುರುವಿಗೆ ಎ ಗುರುತು, ಕೊನೆಗೆ ಬಿ ಗುರುತು ಹಾಕಿ ಸೇವ್ ಮಾಡಿ. ಮಂಗಳವಾದ್ಯ ಜೋರಾದ ಕ್ಷಣವನ್ನು ಕಿವಿಯಿಂದಲೇ ಹುಡುಕಬಹುದು, ಕಣ್ಣಿಗಿಂತ ಬೇಗ ಸಿಗುತ್ತದೆ.

ಈ ತುಂಡನ್ನು ಇಂದಿನ ಟಿವಿಯಲ್ಲಿ ಹಾಕಿದಾಗ ಎರಡು ವಿಷಯ ಕಣ್ಣಿಗೆ ಹೊಡೆಯಬಹುದು. ಒಂದು, ಯಾರಾದರೂ ಬೇಗ ನಡೆದರೆ ಅವರ ಅಂಚಿನಲ್ಲಿ ಬಾಚಣಿಗೆ ಹಲ್ಲಿನಂಥ ಅಡ್ಡಗೆರೆ. ಆ ಕಾಲದ ನಮ್ಮ ಪಾಲ್ ಪದ್ಧತಿಯಲ್ಲಿ ಸೆಕೆಂಡಿಗೆ 25 ಚಿತ್ರ, ಪ್ರತಿ ಚಿತ್ರವನ್ನೂ ಸಮ ಗೆರೆ ಬೆಸ ಗೆರೆ ಎಂದು ಎರಡು ಕಂತಿನಲ್ಲಿ ಬರೆಯುತ್ತಿದ್ದರು. ಅದರ ಕುರುಹು ಇದು. ಇನ್ನೊಂದು, ಚಿತ್ರ ಚೌಕವಾಗಿದ್ದು ಎಡಬಲಕ್ಕೆ ಕಪ್ಪು ಪಟ್ಟಿ ಬರುವುದು. ಕಪ್ಪು ಪಟ್ಟಿ ಇರಲಿ ಬಿಡಿ. ಪರದೆ ತುಂಬಲಿ ಅಂತ ಎಳೆದರೆ ಮದುಮಗಳಿಂದ ಹಿಡಿದು ಪುರೋಹಿತರವರೆಗೆ ಎಲ್ಲರೂ ದಪ್ಪಗಾಗುತ್ತಾರೆ. ಅಡ್ಡಗೆರೆ ತೆಗೆಯಬೇಕೆಂದರೆ ಡಿಇಂಟರ್‌ಲೇಸ್ ಮಾಡಬೇಕು. ಅದಕ್ಕೆ ರೀ-ಎನ್‌ಕೋಡಿಂಗ್ ಬೇಕೇ ಬೇಕು. ಮುಂದೆ ಹೇಳುವ ಶಾಟ್‌ಕಟ್ ಅದನ್ನು ಮಾಡುತ್ತದೆ. ಆದರೆ ಮೂಲ ತುಂಡನ್ನು ಬೇರೆಯಾಗಿ ಇಟ್ಟುಕೊಂಡು, ಮಗಳಿಗೆ ಕೊಡುವ ಪ್ರತಿಗೆ ಮಾತ್ರ ಮಾಡಿ.

ಇನ್ನು ಕನ್ನಡದಲ್ಲಿ ಹೆಸರು ಹಾಕುವ ಆಸೆ. ಇಲ್ಲಿ ಎಡಿಟಿಂಗ್ ಸಾಫ್ಟ್‌ವೇರ್ ಬೇಕು, ಯಾಕೆಂದರೆ ಚಿತ್ರದ ಮೇಲೆ ಅಕ್ಷರ ಬರೆಯಬೇಕೆಂದರೆ ಚಿತ್ರವನ್ನು ಬಿಚ್ಚಲೇಬೇಕು. ಶಾಟ್‌ಕಟ್ ಹಾಕಿಕೊಳ್ಳಿ. ಉಚಿತ, ಓಪನ್ ಸೋರ್ಸ್, ವಾಟರ್‌ಮಾರ್ಕ್ (ವಿಡಿಯೊದ ಮೇಲೆ ಬೀಳುವ ಅವರ ಹೆಸರು) ಇಲ್ಲ. 1080 ಪಿ (ಫುಲ್ ಎಚ್‌ಡಿ) ವಿಡಿಯೊಗೆ 8 ಜಿಬಿ ರ‍್ಯಾಮ್ ಸಾಕು ಎಂದು ಅದನ್ನು ಮಾಡಿದವರೇ ಹೇಳುತ್ತಾರೆ, ಅದಕ್ಕಿಂತ ಸ್ಪಷ್ಟವಾದ 4ಕೆ ಆದರೆ 16 ಬೇಕು. ನಿಮ್ಮ ಲ್ಯಾಪ್‌ಟಾಪಿಗೆ ಸರಿಹೊಂದುತ್ತದೆ. ಕೆಡಿಎನ್‌ಲೈವ್ ಕೂಡ ಒಳ್ಳೆಯದೇ. ಆದರೆ ಮೊದಲ ಸಲಕ್ಕೆ ಶಾಟ್‌ಕಟ್ ಸುಲಭ ಅಂತ ನನ್ನ ಅನಿಸಿಕೆ.

ಶಾಟ್‌ಕಟ್‌ನಲ್ಲಿ ಕನ್ನಡದ ಒತ್ತಕ್ಷರ ಸರಿಯಾಗಿ ಮೂಡುತ್ತದೆ. ಆದರೆ ನೀವು ಟೈಪ್ ಮಾಡುವುದು ಯೂನಿಕೋಡ್‌ನಲ್ಲಿ, ಅಂದರೆ ವಾಟ್ಸಾಪಿನಲ್ಲಿ ಕನ್ನಡ ಬರುವಂಥ ಎಲ್ಲ ಕಡೆ ನಡೆಯುವ ಅಕ್ಷರ ಪದ್ಧತಿಯಲ್ಲಿ, ಇರಬೇಕು. ನುಡಿ, ಬರಹದ ಹಳೆಯ ಫಾಂಟಿನಲ್ಲಿ ಹೊಡೆದದ್ದನ್ನು ತಂದು ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳು ಬರುತ್ತವೆ. ಫಾಂಟ್ ಆರಿಸುವಾಗ ವಿಂಡೋಸ್‌ನಲ್ಲಿ ಮೊದಲೇ ಇರುವ ನಿರ್ಮಲಾ ಹಿಡಿಯಿರಿ, ಇಲ್ಲವೇ ಗೂಗಲ್‌ನ ನೋಟೊ ಸ್ಯಾನ್ಸ್ ಕನ್ನಡ ಇಳಿಸಿಕೊಳ್ಳಿ. ಬೇರೆ ಕೆಲವು ಎಡಿಟರ್‌ಗಳಲ್ಲಿ ಒತ್ತುಗಳು ಬಿಡಿಬಿಡಿಯಾಗಿ ಬಂದು «ಯಕ್ಷಗಾನ» ಎನ್ನುವುದು «ಯಕ್‌ಷಗಾನ» ಆಗುತ್ತದೆ. ಹಾಗಾದರೆ ಹೆಸರನ್ನು ಬೇರೆಲ್ಲಾದರೂ ಚಿತ್ರವಾಗಿ ಮಾಡಿಕೊಂಡು, ಅದನ್ನೇ ಎರಡು ಮೂರು ಸೆಕೆಂಡು ಮೊದಲಿಗೆ ಹಾಕಿಬಿಡಿ. ಯಾರಿಗೂ ಗೊತ್ತಾಗುವುದಿಲ್ಲ.

ಕೆಲಸದ ಕ್ರಮ ಹೀಗಿರಲಿ. ಮೊದಲು ಲಾಸ್‌ಲೆಸ್‌ಕಟ್‌ನಲ್ಲಿ ತುಂಡು ಮಾಡಿ. ಆ ಸಣ್ಣ ತುಂಡನ್ನು ಮಾತ್ರ ಶಾಟ್‌ಕಟ್‌ಗೆ ಕೊಡಿ. ಮೂರು ಗಂಟೆಯ ಫೈಲನ್ನು ನೇರ ಅದರೊಳಗೆ ತುರುಕಿದರೆ ನಿಮ್ಮ ಲ್ಯಾಪ್‌ಟಾಪು ಏದುಸಿರು ಬಿಡುತ್ತದೆ. ಫೋನಿನ ವಿಡಿಯೊದಲ್ಲಿ ಸೆಕೆಂಡಿಗೆ ಇಷ್ಟೇ ಚಿತ್ರ ಎಂಬ ಲೆಕ್ಕ ಸ್ಥಿರವಾಗಿರುವುದಿಲ್ಲ, ಬೆಳಕು ಕಡಿಮೆಯಾದರೆ ಕಡಿಮೆಯಾಗುತ್ತದೆ. ರಾತ್ರಿಯ ಆಟದಲ್ಲಿ ಇದು ಸಾಮಾನ್ಯ. ಉದ್ದದ ಫೈಲಿನಲ್ಲಿ ಕೆಲವು ಎಡಿಟರ್‌ಗಳು ಈ ಲೆಕ್ಕ ತಪ್ಪಿ, ತುಟಿ ಒಂದು ಕಡೆ, ಮಾತು ಒಂದು ಕಡೆ ಆಗುತ್ತದೆ. ಶಾಟ್‌ಕಟ್ ಇಂಥ ಫೈಲ್ ಕಂಡರೆ ಎಡಿಟಿಂಗಿಗೆ ಹೊಂದುವ ಹಾಗೆ ಬದಲಾಯಿಸಲೇ ಎಂದು ಕೇಳುತ್ತದೆ. ಒಪ್ಪಿಕೊಳ್ಳಿ.

ಉಳಿದವುಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಡಾವಿಂಚಿ ರಿಸಾಲ್ವ್ ಉಚಿತ, ಸಿನಿಮಾದವರು ಬಳಸುವಂಥದ್ದು, ನಿಮ್ಮ ಲ್ಯಾಪ್‌ಟಾಪಿಗೆ ಭಾರ. ಮೈಕ್ರೋಸಾಫ್ಟ್‌ನ ಕ್ಲಿಪ್‌ಚಾಂಪ್‌ನಲ್ಲಿ 1080 ಪಿವರೆಗೆ ವಾಟರ್‌ಮಾರ್ಕ್ ಇಲ್ಲದೆ ಪುಕ್ಕಟೆ ತೆಗೆಯಬಹುದು, ಕೆಟ್ಟದ್ದೇನಲ್ಲ, ಆದರೆ ಅಕೌಂಟ್ ಬೇಕು ಮತ್ತು ಎಲ್ಲವನ್ನೂ ರೀ-ಎನ್‌ಕೋಡ್ ಮಾಡುತ್ತದೆ. ಹಳೆಯ ವಿಂಡೋಸ್ ಮೂವಿ ಮೇಕರ್ ನೆನಪಿದ್ದರೆ, ಅದನ್ನು ಮೈಕ್ರೋಸಾಫ್ಟ್ 2017ರ ಜನವರಿಯಲ್ಲೇ ನಿಲ್ಲಿಸಿತು. ಈಗ ಆ ಹೆಸರಿನಲ್ಲಿ ಎಲ್ಲಾದರೂ ಸಿಕ್ಕರೆ ಮುಟ್ಟಬೇಡಿ. ಮ್ಯಾಕ್ ಇರುವವರು ಏನೂ ಹುಡುಕಬೇಕಿಲ್ಲ, ಅದರಲ್ಲೇ ಇರುವ ಕ್ವಿಕ್‌ಟೈಮ್ ಕತ್ತರಿಸುತ್ತದೆ. ಬರೀ ಎರಡು ನಿಮಿಷದ ವಿಡಿಯೊ ಆದರೆ ಫೋನಿನಲ್ಲಿರುವ ಗೂಗಲ್ ಫೋಟೋಸ್ ಸಾಕು.

ನೀವು ಬಿದ್ದ ವಾಟರ್‌ಮಾರ್ಕ್ ಹೊಂಡದಲ್ಲಿ ಎಲ್ಲರೂ ಒಂದು ಸಲ ಬಿದ್ದವರೇ. ಉಚಿತ ಎಂದು ಬರೆದಿರುತ್ತದೆ, ಎರಡು ರಾತ್ರಿ ಕೂತು ಕೆಲಸ ಮುಗಿಸಿದ ಮೇಲೆ ಎಕ್ಸ್‌ಪೋರ್ಟ್ ಹೊತ್ತಿಗೆ ಬೆಲೆ ಹೇಳುತ್ತದೆ. ಯಾವುದೇ ಹೊಸ ಸಾಫ್ಟ್‌ವೇರ್ ಹಾಕಿದ ದಿನವೇ ಹತ್ತು ಸೆಕೆಂಡಿನ ವಿಡಿಯೊ ಹಾಕಿ ಪೂರ್ತಿ ಎಕ್ಸ್‌ಪೋರ್ಟ್ ಮಾಡಿ ನೋಡಿ. ಅಲ್ಲೇ ಬಣ್ಣ ಬಯಲಾಗುತ್ತದೆ. ಏಳು ದಿನ ಪುಕ್ಕಟೆ ಎಂದು ಕಾರ್ಡ್ ನಂಬರ್ ಅಥವಾ ಯುಪಿಐ ಆಟೊಪೇ ಕೇಳಿದರೆ ಕೊಡಬೇಡಿ. 2021ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕಿನ ನಿಯಮದಂತೆ ಇಂಥ ದುಡ್ಡು ಕಡಿತವಾಗುವ 24 ಗಂಟೆ ಮೊದಲು ಮೆಸೇಜ್ ಬರಬೇಕು, ಬರುತ್ತದೆ ಕೂಡ. ಆದರೆ ದಿನಕ್ಕೆ ನಲವತ್ತು ಮೆಸೇಜ್ ಬರುವ ಫೋನಿನಲ್ಲಿ ಅದನ್ನು ಯಾರು ಓದುತ್ತಾರೆ?

ಇನ್ನು ಯಾರಾದರೂ ಪೆನ್‌ಡ್ರೈವಿನಲ್ಲಿ ಕ್ರ್ಯಾಕ್ ಮಾಡಿದ್ದು ತಂದುಕೊಡುತ್ತೇನೆ ಎಂದರೆ ಬೇಡ ಅನ್ನಿ. ಬ್ಯಾಂಕಿನ ಪಾಸ್‌ವರ್ಡ್ ಹೊಡೆಯುವ ಅದೇ ಲ್ಯಾಪ್‌ಟಾಪ್ ಅಲ್ವಾ ಅದು. ಹುಡುಕುವಾಗಲೂ ಮೊದಲು ಬರುವ ಜಾಹೀರಾತಿನ ಕೊಂಡಿ ಒತ್ತಬೇಡಿ. ಶಾಟ್‌ಕಟ್ ಆದರೆ ಶಾಟ್‌ಕಟ್ ಡಾಟ್ ಆರ್ಗ್‌ನಿಂದಲೇ ಇಳಿಸಿ.

ಮಗನಿಗೆ ಕಳಿಸುವ ಲೆಕ್ಕ ನೋಡೋಣ. ಆಪಲ್ ತನ್ನ ಫೋನಿಗೆ ಕೊಟ್ಟಿರುವ ಅಂದಾಜಿನಂತೆ 1080 ಪಿ, ಸೆಕೆಂಡಿಗೆ 30 ಚಿತ್ರದ ವಿಡಿಯೊ ಒಂದು ನಿಮಿಷಕ್ಕೆ ಹಳೆಯ ರೂಪದಲ್ಲಿ 130 ಎಂಬಿ, ಹೆಚ್‌ಇವಿಸಿಯಲ್ಲಿ 60 ಎಂಬಿ. ಬೇರೆ ಫೋನುಗಳೂ ಹೆಚ್ಚು ಕಡಿಮೆ ಅದೇ ಆಸುಪಾಸಿನಲ್ಲಿರುತ್ತವೆ. ಐದು ನಿಮಿಷದ ಪದ್ಯ 650 ಎಂಬಿ ಆಗಬಹುದು. ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಎಂದು ಆರಿಸಿ ಕಳಿಸಿದರೆ 2 ಜಿಬಿವರೆಗೂ ಹೋಗುತ್ತದೆ, ಹಿಂಡುವುದೂ ಇಲ್ಲ. ಮನೆಯ ಇಂಟರ್ನೆಟ್ ನಿಧಾನ ಇದ್ದರೆ ರಾತ್ರಿ ಮಲಗುವಾಗ ಹಾಕಿಬಿಡಿ. ಇಲ್ಲವೇ ಯೂಟ್ಯೂಬಿಗೆ ಅನ್‌ಲಿಸ್ಟೆಡ್ (ಕೊಂಡಿ ಇದ್ದವರಿಗೆ ಮಾತ್ರ ಕಾಣುವಂತೆ) ಎಂದು ಏರಿಸಿ ಕೊಂಡಿ ಮಾತ್ರ ಕಳಿಸಬಹುದು. 15 ನಿಮಿಷಕ್ಕಿಂತ ಉದ್ದದ್ದು ಏರಿಸಲು ಫೋನ್ ನಂಬರ್ ದೃಢಪಡಿಸಬೇಕಾಗುತ್ತದೆ. ಎಲ್ಲರಿಗೂ ಕಾಣುವ ಹಾಗೆ ಹಾಕುವುದಾದರೆ ಮೇಳದವರನ್ನೂ ಭಾಗವತರನ್ನೂ ಒಂದು ಮಾತು ಕೇಳಿ. ಅದು ಅವರ ಹೊಟ್ಟೆಪಾಡಿನ ಕಲೆ.

ಈಗ ಹಾರ್ಡ್ ಡಿಸ್ಕ್. ಮೇಲಿನ ಲೆಕ್ಕದಲ್ಲೇ ಮೂರು ಗಂಟೆಯ ಆಟ 23 ಜಿಬಿ ದಾಟುತ್ತದೆ. ಒಂದು ಹಂಗಾಮಿನಲ್ಲಿ ಹದಿನೈದು ಆಟ ಹಿಡಿದರೆ ಲ್ಯಾಪ್‌ಟಾಪ್ ತುಂಬಿಹೋಗುತ್ತದೆ, ಆಗ ನನ್ನ ಹಾಗೆ ಮೂಲವನ್ನು ಅಳಿಸುವ ಬುದ್ಧಿ ಬರುತ್ತದೆ. ಹೊರಗಿನಿಂದ ಸಿಕ್ಕಿಸುವ 1 ಟಿಬಿ ಡಿಸ್ಕಿನಲ್ಲಿ ಅಂಥ ನಲವತ್ತು ಆಟ ಹಿಡಿಯುತ್ತದೆ. ಸಾಧ್ಯವಾದರೆ ಎರಡು ತಗೊಂಡು, ಒಂದನ್ನು ಮಗಳ ಮನೆಯಲ್ಲಿ ಇಡಿ. ಕರಾವಳಿಯ ಮಳೆಗಾಲದ ತೇವಕ್ಕೆ ಡಬ್ಬಿಯೊಳಗೆ ಒಂದೆರಡು ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ.

ಆದರೆ ಇದೆಲ್ಲಕ್ಕಿಂತ ಮೊದಲು ಆ ಮೂರು ಡಿವಿಡಿ ಕಾಪಿ ಮಾಡಿ, ಈ ವಾರವೇ. ಯಕ್ಷಗಾನ ಮುಂದಿನ ವರ್ಷವೂ ಆಗುತ್ತದೆ, ಆದರೆ ವಿಡಿಯೊ ಹಿಡಿದಿಟ್ಟಿರುವ ಆ ಡಿಸ್ಕಿನ ಬಣ್ಣದ ಪದರ ಕಾಲ ಕಳೆದಂತೆ ಮಾಸುವಂಥದ್ದು, ಅದಕ್ಕೆ ಆಗಲೇ ಹದಿನೈದು ವರ್ಷ ದಾಟಿದೆ. ಲ್ಯಾಪ್‌ಟಾಪಿನಲ್ಲಿ ಡಿವಿಡಿ ಡ್ರೈವ್ ಇಲ್ಲದಿದ್ದರೆ ಯುಎಸ್‌ಬಿಗೆ ಸಿಕ್ಕಿಸುವಂಥದ್ದು ಸಿಗುತ್ತದೆ, ಪರಿಚಯದವರ ಹಳೆಯ ಕಂಪ್ಯೂಟರ್ ಆದರೂ ಆದೀತು. ಕಾಪಿ ಮಧ್ಯದಲ್ಲಿ ನಿಂತರೆ ಡಿಸ್ಕನ್ನು ಹಗುರವಾಗಿ ಸೋಪು ನೀರಿನಲ್ಲಿ ತೊಳೆದು, ಮೆತ್ತನೆ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ಒರೆಸಿ. ಸುತ್ತು ಸುತ್ತಾಗಿ ಒರೆಸಬೇಡಿ. ಆದರೂ ಓದದಿದ್ದರೆ ಬೇರೆ ಡ್ರೈವಿನಲ್ಲಿ ಹಾಕಿ ನೋಡಿ, ಒಂದು ಓದದ ಡಿಸ್ಕನ್ನು ಇನ್ನೊಂದು ಓದುವುದು ಎಷ್ಟೋ ಸಲ ಕಂಡಿದ್ದೇನೆ. ಅದೂ ಆಗದಿದ್ದರೆ ಮದುವೆ ಹಿಡಿದ ಸ್ಟುಡಿಯೊದವರನ್ನು ವಿಚಾರಿಸಿ. ಆ ಕಾಲದಲ್ಲಿ ಬಹಳ ಕಡೆ ಮಿನಿ ಡಿವಿ ಟೇಪಿನಲ್ಲಿ ಹಿಡಿಯುತ್ತಿದ್ದರು, ಅಟ್ಟದ ಮೇಲೆ ನಿಮ್ಮ ಟೇಪು ಇನ್ನೂ ಇದ್ದರೂ ಇರಬಹುದು.